ಬೋ ಸ್ಟ್ರೀಟ್‌ನ ನ್ಯಾಯಾಲಯ ಮತ್ತು ಪೊಲೀಸ್ ಠಾಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕಟ್ಟಡ ಎಲ್ಲಿದೆ?

ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ, ರಾಯಲ್ ಆಪೆರಾ ಹೌಸ್‌ನ ಕಂಬಸಾಲಿಗೆ ಎದುರಾಗಿ, ಬೋ ಸ್ಟ್ರೀಟ್‌ನ ಪೂರ್ವ ಮಗ್ಗುಲಿನಲ್ಲಿದೆ. ಒಂದು ಬದಿಗೆ ಬ್ರಾಡ್ ಕೋರ್ಟ್, ಇನ್ನೊಂದು ಬದಿಗೆ ಮಾರ್ಟ್‌ಲೆಟ್ ಕೋರ್ಟ್ ಎಂಬ ಎರಡು ಓಣಿಗಳು ಇದನ್ನು ಪಕ್ಕದ ಕಟ್ಟಡಗಳಿಂದ ಬೇರ್ಪಡಿಸುತ್ತವೆ. ಈ ಓಣಿಗಳ ಹೆಸರಿನಲ್ಲಿರುವ ‘ಕೋರ್ಟ್’ ಎಂಬ ಪದವನ್ನು ನೋಡಿ ಅನೇಕರು ಅದು ನ್ಯಾಯಾಲಯದಿಂದ ಬಂದ ಹೆಸರೆಂದು ತಿಳಿಯುತ್ತಾರೆ. ಹಾಗಲ್ಲ, ಮನೆಗಳ ನಡುವಿನ ಕಿರಿದಾದ ಅಂಗಳವನ್ನೂ ಓಣಿಯನ್ನೂ ಕೋರ್ಟ್ ಎಂದು ಕರೆಯುವುದು ಲಂಡನ್ನಿನ ಹಳೆಯ ರೂಢಿ. ಬೀದಿ ಬಿಲ್ಲಿನಂತೆ ಬಾಗಿರುವುದರಿಂದ ಅದಕ್ಕೆ ಬೋ ಸ್ಟ್ರೀಟ್ ಎಂಬ ಹೆಸರು ಬಂತು.

ಇದನ್ನು ಕಟ್ಟಿದವರು ಯಾರು, ಯಾವಾಗ?

ಈ ಪ್ರದೇಶದ ಬಹುಪಾಲು ನೆಲ ಆಗ ಬೆಡ್‌ಫರ್ಡ್‌ನ ಡ್ಯೂಕ್ ಮನೆತನದ್ದಾಗಿತ್ತು. 1876ರಲ್ಲಿ ಆ ಮನೆತನ ವರ್ಷಕ್ಕೆ 100 ಪೌಂಡ್ ಬಾಡಿಗೆಗೆ ಈ ನಿವೇಶನವನ್ನು ಸರ್ಕಾರಿ ಕಾಮಗಾರಿ ಇಲಾಖೆಗೆ ಬಿಟ್ಟುಕೊಟ್ಟಿತು. ಆ ಇಲಾಖೆಯಲ್ಲಿ ಸರ್ವೇಯರ್ ಆಗಿದ್ದ ಜಾನ್ ಟೇಲರ್ ನಕ್ಷೆ ಸಿದ್ಧಪಡಿಸಿದರು. ಕಟ್ಟಡ 1881ರಲ್ಲಿ ಮುಗಿಯಿತು, ಖರ್ಚು 38,400 ಪೌಂಡ್. ಟೇಲರ್ ಅವರಿಗೆ ‘ಸರ್’ ಪದವಿ ಬಂದದ್ದು ಆಮೇಲೆ. ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಯೊಳಗಿನ ಭವ್ಯ ಮೆಟ್ಟಿಲುಸಾಲಿನ ಭಾಗವೂ ಇವರದೇ ಕೆಲಸ. ಇವರು ಸರ್ಕಾರಿ ನೌಕರರಾಗಿ ಕಟ್ಟಿದವರು. ಹೆಸರು ಮಾಡಿದ ಖಾಸಗಿ ವಾಸ್ತುಶಿಲ್ಪಿಗಳ ಸಾಲಿನಲ್ಲಿ ಇವರನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ.

ಬಾಗಿಲಿನ ಮೇಲೆ 1879 ಎಂದು ಕೆತ್ತಲಾಗಿದೆಯಲ್ಲ?

ಹೌದು, ಕೆತ್ತಲಾಗಿದೆ. ಆದರೆ ಅದು ಕಟ್ಟಡ ಮುಗಿದ ವರ್ಷವಲ್ಲ, ಮುಗಿಯಬಹುದೆಂದು ಇಲಾಖೆ ಅಂದುಕೊಂಡಿದ್ದ ವರ್ಷ. ಕೆಲಸ ಎರಡು ವರ್ಷ ತಡವಾಯಿತು, ಕಲ್ಲಿನ ಮೇಲಿನ ಅಂಕಿ ಮಾತ್ರ ಹಾಗೆಯೇ ಉಳಿಯಿತು. ಸರ್ಕಾರಿ ಕಾಮಗಾರಿಯ ಗಡುವು ಹೇಗೆ ಜಾರುತ್ತದೆ ಎಂಬುದು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲವಾದರೂ, ಅದಕ್ಕೆ ಕಲ್ಲಿನಲ್ಲೇ ದಾಖಲೆ ಉಳಿದಿರುವುದು ಅಪರೂಪ.

ವಿಕ್ಟೋರಿಯಾ ಕಾಲದ ಕಟ್ಟಡವೆಂದರೆ ಚೂಪು ಕಮಾನು, ಗೋಪುರ ಇರಬೇಕಲ್ಲವೇ?

ಹಾಗೇನೂ ಇಲ್ಲ. ಇಲ್ಲಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ, ಸ್ಟ್ರ್ಯಾಂಡ್ ಬೀದಿಯಲ್ಲಿರುವ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್ ಕಟ್ಟಡ ನೀವು ಹೇಳುವ ಗಾಥಿಕ್ ಶೈಲಿಯದು. ಅದರ ವಾಸ್ತುಶಿಲ್ಪಿ ಜಿ. ಇ. ಸ್ಟ್ರೀಟ್, ರಾಣಿ ವಿಕ್ಟೋರಿಯಾ ಅದನ್ನು ಉದ್ಘಾಟಿಸಿದ್ದು 1882ರ ಡಿಸೆಂಬರಿನಲ್ಲಿ. ಬಹುತೇಕ ಒಂದೇ ಕಾಲದಲ್ಲಿ, ಒಂದೇ ಊರಿನಲ್ಲಿ, ನ್ಯಾಯಕ್ಕಾಗಿಯೇ ಎದ್ದ ಎರಡು ಕಟ್ಟಡಗಳು ಒಂದಕ್ಕೊಂದು ಸಂಬಂಧವೇ ಇಲ್ಲವೆಂಬಂತೆ ಕಾಣುತ್ತವೆ. ಅಲ್ಲಿ ಇಗರ್ಜಿಯ ನೆನಪು ತರುವ ಗೋಪುರಗಳು. ಇಲ್ಲಿ ಗ್ರೀಕ್ ಮತ್ತು ರೋಮನ್ ಮಾದರಿಯ ಅಂಶಗಳನ್ನು ಬೆರೆಸಿದ, ಅಚ್ಚುಕಟ್ಟಾದ, ಸ್ವಲ್ಪ ಬಿಗುವಿನ ಮುಖ.

ಈ ಬಿಗುವಿಗೆ ಮುಖ್ಯ ಕಾರಣ ಕಲ್ಲಿನ ಜೋಡಣೆ. ನೆಲಮಹಡಿಯ ಕಲ್ಲುಗಳ ನಡುವಿನ ಸಂದುಗಳನ್ನು ಬೇಕೆಂದೇ ಆಳವಾಗಿ ಬಿಟ್ಟಿರುವುದರಿಂದ ಒಂದೊಂದು ವರಸೆಯೂ ಎದ್ದು ಕಂಡು, ಗೋಡೆ ಇರುವುದಕ್ಕಿಂತ ದಪ್ಪನೆಂಬ ಭಾವನೆ ಬರುತ್ತದೆ. ಕೋಟೆ, ಖಜಾನೆ, ಸೆರೆಮನೆಗಳಿಗೆ ಯುರೋಪಿನ ಗಾರೆಯವರು ಬಹುಕಾಲದಿಂದ ಬಳಸಿಕೊಂಡು ಬಂದ ಉಪಾಯವಿದು. ಮೇಲಿನ ಮಹಡಿಗಳಿಗೆ ಹೋದಂತೆ ಕಲ್ಲಿನ ಮೈ ನಯವಾಗುತ್ತದೆ. ಕೆಳಗೆ ಬಂದೀಖಾನೆಯ ಗಾಂಭೀರ್ಯ, ಮೇಲೆ ಕಚೇರಿಯ ಸೌಮ್ಯ ಎಂದು ಓದಿಕೊಳ್ಳಬಹುದು. ವಾಸ್ತುಶಿಲ್ಪಿ ಅಷ್ಟನ್ನೆಲ್ಲ ಯೋಚಿಸಿದ್ದರೋ ಇಲ್ಲವೋ, ಬೀದಿಯಲ್ಲಿ ನಿಂತವರಿಗೆ ಕಾಣುವುದು ಹಾಗೆಯೇ.

ಕಲ್ಲು ಯಾವುದು? ಕೆಲವೆಡೆ ಬಿಳಿ, ಕೆಲವೆಡೆ ಕಪ್ಪಾಗಿರುವುದೇಕೆ?

ಲಂಡನ್ನಿನ ಎಷ್ಟೋ ಸರ್ಕಾರಿ ಕಟ್ಟಡಗಳಂತೆ ಇದೂ ಪೋರ್ಟ್‌ಲ್ಯಾಂಡ್ ಕಲ್ಲಿನದು. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್‌ನಿಂದ ಬರುವ ಈ ಕಲ್ಲು ಒಂದು ಬಗೆಯ ಸುಣ್ಣಕಲ್ಲು, ನಮ್ಮ ಕಡೆಯ ಕಗ್ಗಲ್ಲಿನಷ್ಟು ಗಡುಸಲ್ಲ. ಮಳೆ ನೇರವಾಗಿ ಬೀಳುವ ಭಾಗಗಳು ತೊಳೆದುಕೊಂಡು ಬೆಳ್ಳಗಾಗುತ್ತವೆ. ಚಾಚುಗಳ ಕೆಳಗೆ, ಸಂದಿಗಳಲ್ಲಿ ಹೊಗೆಯ ಮಸಿ ಕೂತು ಕಪ್ಪಾಗುತ್ತದೆ.

ನ್ಯಾಯಾಲಯ ಮತ್ತು ಪೊಲೀಸ್ ಠಾಣೆ ಒಂದೇ ಸೂರಿನಡಿ ಇದ್ದುದೇಕೆ?

ಈ ಕಟ್ಟಡದ ಬಗ್ಗೆ ಕೇಳಲೇಬೇಕಾದ ಪ್ರಶ್ನೆ ಇದೇ, ಉತ್ತರಕ್ಕೆ ಮಾತ್ರ ಕಟ್ಟಡಕ್ಕಿಂತ 140 ವರ್ಷ ಹಿಂದಕ್ಕೆ ಹೋಗಬೇಕು.

1740ರಲ್ಲಿ ಥಾಮಸ್ ಡಿ ವೀಲ್ ಎಂಬ ಮ್ಯಾಜಿಸ್ಟ್ರೇಟರು ಇದೇ ಬೀದಿಯ ತಮ್ಮ ಮನೆಯಲ್ಲಿ ಕುಳಿತು ಮೊಕದ್ದಮೆಗಳನ್ನು ಕೇಳತೊಡಗಿದರು. ಪ್ರತ್ಯೇಕ ನ್ಯಾಯಾಲಯವಾಗಲಿ, ಸಂಘಟಿತ ಪೊಲೀಸ್ ಪಡೆಯಾಗಲಿ ಆಗ ಇರಲಿಲ್ಲ. ಅವರ ನಂತರ ಬಂದ ಹೆನ್ರಿ ಫೀಲ್ಡಿಂಗ್, ಕಾದಂಬರಿಕಾರರೆಂದೇ ಹೆಚ್ಚು ಪ್ರಸಿದ್ಧರು, 1749ರ ಸುಮಾರಿಗೆ ಕಳ್ಳರನ್ನು ಹಿಡಿಯಲೆಂದು ಆರೇಳು ಮಂದಿಯ ಒಂದು ಪುಟ್ಟ ತಂಡವನ್ನು ಕಟ್ಟಿದರು. ಮುಂದೆ ‘ಬೋ ಸ್ಟ್ರೀಟ್ ರನ್ನರ್ಸ್’ ಎಂದು ಹೆಸರಾದವರು ಇವರೇ. ಆ ಹೆಸರಿನಲ್ಲಿ ತಿರಸ್ಕಾರದ ಛಾಯೆ ಇದ್ದುದರಿಂದ ಅವರಿಗೇ ಅದು ಹಿಡಿಸುತ್ತಿರಲಿಲ್ಲ. ಹೆನ್ರಿಯವರು 1754ರಲ್ಲಿ ತೀರಿಕೊಂಡ ಮೇಲೆ ಅವರ ಮಲತಮ್ಮ ಜಾನ್ ಫೀಲ್ಡಿಂಗ್ ಕಾಲು ಶತಮಾನ ಆ ಪೀಠದಲ್ಲಿದ್ದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಮೂರು ಸಾವಿರ ಅಪರಾಧಿಗಳನ್ನು ದನಿಯಿಂದಲೇ ಗುರುತಿಸಬಲ್ಲರೆಂಬ ಖ್ಯಾತಿ ಅವರದು. 1780ರಲ್ಲಿ ಕ್ಯಾಥೊಲಿಕರ ವಿರುದ್ಧ ಲಂಡನ್ನಿನಲ್ಲಿ ಎದ್ದ ಗಾರ್ಡನ್ ದಂಗೆಯಲ್ಲಿ ಗುಂಪೊಂದು ಅವರ ಮನೆಗೆ ನುಗ್ಗಿ ಧ್ವಂಸ ಮಾಡಿತು.

ಎಂದರೆ ಇಲ್ಲಿ ಪೊಲೀಸರು ಹುಟ್ಟಿದ್ದೇ ನ್ಯಾಯಾಧೀಶರ ಮನೆಯ ಹಜಾರದಲ್ಲಿ. ಹಿಡಿಯುವವರು, ವಿಚಾರಿಸುವವರು, ಶಿಕ್ಷೆ ಕೊಡುವವರು ಎಲ್ಲರೂ ಒಂದೇ ಮನೆಯವರು. 1829ರಲ್ಲಿ ಮೆಟ್ರೊಪಾಲಿಟನ್ ಪೊಲೀಸ್ ಪಡೆ ಸ್ಥಾಪನೆಯಾದಾಗ ಅದನ್ನು ಮ್ಯಾಜಿಸ್ಟ್ರೇಟರ ಕೈಯಲ್ಲಿಡದೆ ಪ್ರತ್ಯೇಕ ಕಮಿಷನರುಗಳಿಗೆ ಒಪ್ಪಿಸಲಾಯಿತು. ಹತ್ತು ವರ್ಷ ಎರಡೂ ವ್ಯವಸ್ಥೆಗಳು ಜೊತೆಜೊತೆಗೆ ನಡೆದು, 1839ರಲ್ಲಿ ರನ್ನರ್‌ಗಳ ತಂಡವನ್ನು ರದ್ದುಪಡಿಸಲಾಯಿತು. ಕಾನೂನಿನ ಪ್ರಕಾರ ಅಲ್ಲಿಂದ ಮುಂದೆ ಠಾಣೆ ಬೇರೆ, ಪೀಠ ಬೇರೆ.

ವಿಚಿತ್ರವೆಂದರೆ ಹೀಗೆ ಬೇರೆಯಾಗಿ ನಾಲ್ಕು ದಶಕಗಳಾದ ಮೇಲೆ ಕಟ್ಟಿದ ಹೊಸ ಕಟ್ಟಡ ಅವೆರಡನ್ನೂ ಮತ್ತೆ ಒಂದೇ ಗೋಡೆಯೊಳಗೆ ಸೇರಿಸಿತು. ಅನುಕೂಲವೇನೋ ಇತ್ತು: ರಾತ್ರಿ ಹಿಡಿದು ತಂದವರನ್ನು ಬೆಳಿಗ್ಗೆ ಬೀದಿಗೆ ಇಳಿಸದೆ, ಜನರ ಕಣ್ಣಿಗೆ ಬೀಳಿಸದೆ ಲಾಕಪ್ಪಿನಿಂದ ಕಟಕಟೆಗೆ ಕರೆದೊಯ್ಯಬಹುದಿತ್ತು. ಆದರೆ ನೋಡುವವರಿಗೆ ನ್ಯಾಯಾಲಯ ಪೊಲೀಸರದೇ ಎಂದು ಅನ್ನಿಸಿದರೆ ಅದರಲ್ಲಿ ತಪ್ಪೇನು? ಹೆಸರೂ ಹಾಗೆಯೇ ಇತ್ತು. ಲಂಡನ್ನಿನ ಇಂಥ ನ್ಯಾಯಾಲಯಗಳನ್ನು ‘ಪೊಲೀಸ್ ಕೋರ್ಟ್’ ಎಂದೇ ಕರೆಯುತ್ತಿದ್ದರು; 1949ರ ಶಾಸನದ ನಂತರವಷ್ಟೇ ‘ಮ್ಯಾಜಿಸ್ಟ್ರೇಟ್ಸ್ ಕೋರ್ಟ್’ ಎಂಬ ಹೆಸರು ಅಧಿಕೃತವಾಯಿತು. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂದು ನಮ್ಮ ಸಂವಿಧಾನದ 50ನೇ ವಿಧಿ ಹೇಳುತ್ತದೆ. ಕಂದಾಯ ವಸೂಲಿಯ ಜೊತೆಗೆ ಮ್ಯಾಜಿಸ್ಟ್ರೇಟ್ ಅಧಿಕಾರವನ್ನೂ ಚಲಾಯಿಸುತ್ತಿದ್ದ ಮೈಸೂರು ಸೀಮೆಯ ಅಮಲ್ದಾರರ ಕಥೆಗಳನ್ನು ಹಿರಿಯರಿಂದ ಕೇಳಿದವರಿಗೆ ಬೋ ಸ್ಟ್ರೀಟ್‌ನ ಈ ತೊಡಕು ಬೇಗ ಅರ್ಥವಾದೀತು.

ಒಳಗೆ ಏನೇನಿತ್ತು?

ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಜ್ಯೂರಿ ಇರುವುದಿಲ್ಲ. ಆದ್ದರಿಂದ ಜ್ಯೂರಿಯವರಿಗೆ ಆಸನಸಾಲು, ಅವರು ಗುಟ್ಟಾಗಿ ಚರ್ಚಿಸಲು ಕೋಣೆ ಇವೆಲ್ಲ ಬೇಕಾಗುತ್ತಿರಲಿಲ್ಲ. ಎತ್ತರದಲ್ಲಿ ಪೀಠ, ಅದರ ಕೆಳಗೆ ಗುಮಾಸ್ತರ ಮೇಜು, ಎದುರಿಗೆ ಕಟಕಟೆ, ಹಿಂದೆ ಸಾರ್ವಜನಿಕರಿಗೆ ಜಾಗ. ದಿನಕ್ಕೆ ಎಷ್ಟೋ ಮಂದಿಯನ್ನು ಹಾಜರುಪಡಿಸಿ, ಕೆಲವೇ ನಿಮಿಷಗಳಲ್ಲಿ ತೀರ್ಮಾನಿಸಿ ಕಳಿಸುವ ಜಾಗಕ್ಕೆ ಅಷ್ಟು ಸಾಕು. ಮಾರ್ಟ್‌ಲೆಟ್ ಕೋರ್ಟ್ ಓಣಿಯ ಕಡೆ ಠಾಣೆಯ ಕಚೇರಿ ಮತ್ತು ಲಾಕಪ್ಪುಗಳಿದ್ದವು. ಅವುಗಳಲ್ಲಿ ಒಂದು ದೊಡ್ಡ ಕೋಣೆಗೆ ‘ಟ್ಯಾಂಕ್’ ಎಂದು ಅಡ್ಡಹೆಸರು. ಕುಡಿದು ಬೀದಿಯಲ್ಲಿ ಬಿದ್ದವರನ್ನು, ಗಲಾಟೆ ಮಾಡಿದವರನ್ನು ಒಟ್ಟಿಗೆ ತುಂಬಿ ಬೆಳಗಾಗುವವರೆಗೆ ಇರಿಸುತ್ತಿದ್ದುದು ಅಲ್ಲಿ. ಸುತ್ತಲೂ ನಾಟಕಶಾಲೆ, ಹೆಂಡದಂಗಡಿ, ಹತ್ತಿರದಲ್ಲೇ ತರಕಾರಿ ಮಂಡಿ. ಆ ಕೋಣೆ ಖಾಲಿ ಇದ್ದ ರಾತ್ರಿಗಳು ಕಡಿಮೆಯೇ ಇರಬೇಕು.

ಠಾಣೆಯ ಮುಂದೆ ನೀಲಿಯ ಬದಲು ಬಿಳಿ ದೀಪ ಇದ್ದುದೇಕೆ? ರಾಣಿಯ ಕಥೆ ನಿಜವೇ?

1861ರಿಂದ ಲಂಡನ್ನಿನ ಪೊಲೀಸ್ ಠಾಣೆಗಳ ಮುಂದೆ ನೀಲಿ ಗಾಜಿನ ದೀಪ ಹಾಕುವ ಪದ್ಧತಿ ಬಂತು. ಬೋ ಸ್ಟ್ರೀಟ್‌ನಲ್ಲಿ ಮಾತ್ರ ಬಿಳಿ ದೀಪ. ಇದಕ್ಕೆ ಪ್ರಚಲಿತವಾದ ಕಥೆ ಹೀಗಿದೆ: ಎದುರಿನ ಆಪೆರಾಗೆ ಬರುತ್ತಿದ್ದ ರಾಣಿ ವಿಕ್ಟೋರಿಯಾ ಅವರಿಗೆ ಆ ನೀಲಿ ಬೆಳಕನ್ನು ಕಂಡಾಗಲೆಲ್ಲ ತಮ್ಮ ಪತಿ ಆಲ್ಬರ್ಟ್ ಕೊನೆಯುಸಿರೆಳೆದ ವಿಂಡ್ಸರ್ ಅರಮನೆಯ ನೀಲಿ ಕೋಣೆ ನೆನಪಾಗುತ್ತಿತ್ತು, ಆದ್ದರಿಂದ ಅದನ್ನು ಬದಲಿಸಲು ಹೇಳಿದರು.

ಕೇಳಲು ಚೆನ್ನಾಗಿದೆ. ಆದರೆ ಆಲ್ಬರ್ಟ್ ತೀರಿಕೊಂಡದ್ದು 1861ರ ಡಿಸೆಂಬರ್ 14ರಂದು, ಮತ್ತು ಆ ನಂತರ ರಾಣಿ ಸಾರ್ವಜನಿಕ ನಾಟಕಶಾಲೆಗಳಿಗೆ ಹೋಗುವುದನ್ನೇ ನಿಲ್ಲಿಸಿದರು. ಈಗಿನ ಕಟ್ಟಡ ಮುಗಿದದ್ದು ಅದಾಗಿ ಇಪ್ಪತ್ತು ವರ್ಷಕ್ಕೆ. ಬರದೇ ಇದ್ದ ರಾಣಿಗೆ ದೀಪ ಕಂಡದ್ದು ಹೇಗೆಂದು ಕಥೆ ಹೇಳುವವರು ವಿವರಿಸುವುದಿಲ್ಲ. ಬಿಳಿ ದೀಪಗಳು ನಿಜ; ಕಾರಣವಾಗಿ ಹೇಳುವ ಕಥೆಯನ್ನು ಕಥೆಯೆಂದೇ ಕೇಳುವುದು ಒಳ್ಳೆಯದು.

ರನ್ನರ್‌ಗಳು ಕೆಂಪು ಜಾಕೀಟು ತೊಡುತ್ತಿದ್ದರೇ?

ಇಲ್ಲ. ಕೆಂಪು ಒಳಜಾಕೀಟು ತೊಡುತ್ತಿದ್ದವರು 1805ರಲ್ಲಿ ಇದೇ ಕಚೇರಿಯಿಂದ ಹೊರಟ ಕುದುರೆ ಗಸ್ತಿನವರು. ಹೆದ್ದಾರಿ ದರೋಡೆಕೋರರನ್ನು ತಡೆಯುವುದು ಅವರ ಕೆಲಸ. ಚಿತ್ರಗಳಲ್ಲಿ ಎರಡನ್ನೂ ಬೆರೆಸಿ ತೋರಿಸುವುದರಿಂದ ಈ ಗೊಂದಲ.

ಯಾರ್‍ಯಾರು ಇಲ್ಲಿನ ಕಟಕಟೆಯಲ್ಲಿ ನಿಂತಿದ್ದರು?

ಪಟ್ಟಿ ಉದ್ದವಿದೆ. ಆದರೆ ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು: ದೊಡ್ಡ ಮೊಕದ್ದಮೆಗಳ ಅಂತಿಮ ತೀರ್ಪು ಇಲ್ಲಿ ಆಗುತ್ತಿರಲಿಲ್ಲ. ಆರೋಪಿಯನ್ನು ಮೊದಲು ಹಾಜರುಪಡಿಸುವುದು, ಸಾಕ್ಷ್ಯ ಮೇಲ್ನೋಟಕ್ಕೆ ಸಾಕೇ ಎಂದು ನೋಡುವುದು, ಸಾಕೆಂದು ಕಂಡರೆ ಲಂಡನ್ನಿನ ಮುಖ್ಯ ಅಪರಾಧ ನ್ಯಾಯಾಲಯವಾದ ಓಲ್ಡ್ ಬೈಲಿಗೆ ಒಪ್ಪಿಸುವುದು ಇಲ್ಲಿನ ಕೆಲಸ. ನಮ್ಮಲ್ಲಿ ಮ್ಯಾಜಿಸ್ಟ್ರೇಟರು ಕೊಲೆ ಮೊಕದ್ದಮೆಯನ್ನು ಸೆಷನ್ಸ್ ನ್ಯಾಯಾಲಯಕ್ಕೆ ‘ಕಮಿಟ್’ ಮಾಡುತ್ತಾರಲ್ಲ, ಅದೂ ಇದೇ ಬೇರಿನಿಂದ ಬಂದದ್ದು.

1895ರ ಏಪ್ರಿಲ್ 5ರಂದು ಬಂಧಿತರಾದ ಆಸ್ಕರ್ ವೈಲ್ಡ್ ಅವರು ಆ ರಾತ್ರಿಯನ್ನು ಇಲ್ಲಿನ ಲಾಕಪ್ಪಿನಲ್ಲಿ ಕಳೆದು ಮರುದಿನ ಕಟಕಟೆಗೆ ಬಂದರು. ಅವರಿಗೆ ಊಟ ಬಂದದ್ದು ಹೊರಗಿನ ಹೋಟೆಲಿನಿಂದ. 1910ರಲ್ಲಿ ಹೆಂಡತಿಯನ್ನು ಕೊಂದ ಆರೋಪ ಹೊತ್ತು ಹಡಗು ಹತ್ತಿ ಓಡಿದ್ದ ಡಾಕ್ಟರ್ ಕ್ರಿಪನ್ ಅವರನ್ನು ಅಟ್ಲಾಂಟಿಕ್ ಸಾಗರದ ಆಚೆಯಿಂದ ಕರೆತಂದು ಇಲ್ಲಿ ಹಾಜರುಪಡಿಸಿದರು. ಹಡಗಿನ ಕಪ್ತಾನ ನಿಸ್ತಂತು ಮೂಲಕ ಸುಳಿವು ಕೊಟ್ಟದ್ದರಿಂದ ಅವರು ಸಿಕ್ಕಿಬಿದ್ದಿದ್ದರು. 1916ರಲ್ಲಿ ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟಗಾರ ರಾಜರ್ ಕೇಸ್‌ಮೆಂಟ್, 1945ರಲ್ಲಿ ಜರ್ಮನಿಯಿಂದ ನಾಟ್ಸಿ ಪ್ರಚಾರದ ರೇಡಿಯೊ ಭಾಷಣ ಮಾಡುತ್ತಿದ್ದ ವಿಲಿಯಮ್ ಜಾಯ್ಸ್, 1968ರಲ್ಲಿ ಲಂಡನ್ನಿನ ಭೂಗತ ಲೋಕದ ಕ್ರೇ ಸಹೋದರರು.

ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವುದು 1908ರ ಅಕ್ಟೋಬರಿನ ಮೊಕದ್ದಮೆ. ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ಪಾರ್ಲಿಮೆಂಟಿನ ಕಡೆ ನುಗ್ಗಿ ಬನ್ನಿರೆಂದು ಕರಪತ್ರ ಹಂಚಿದ್ದಕ್ಕಾಗಿ ಎಮ್ಮಲಿನ್ ಪ್ಯಾಂಕ್‌ಹರ್ಸ್ಟ್, ಅವರ ಮಗಳು ಕ್ರಿಸ್ಟಬೆಲ್ ಮತ್ತು ಫ್ಲೋರಾ ಡ್ರಮಂಡ್ ಆರೋಪಿಗಳಾಗಿದ್ದರು. ಕಾನೂನು ಓದಿದ್ದರೂ ಹೆಂಗಸೆಂಬ ಕಾರಣಕ್ಕೆ ವಕೀಲಿಕೆಗೆ ಅವಕಾಶವಿಲ್ಲದಿದ್ದ ಕ್ರಿಸ್ಟಬೆಲ್, ಆರೋಪಿಯ ಜಾಗದಿಂದಲೇ ತಮ್ಮ ವಾದ ಮಂಡಿಸಿದರು. ಗೃಹಮಂತ್ರಿ ಹರ್ಬರ್ಟ್ ಗ್ಲಾಡ್‌ಸ್ಟನ್ ಮತ್ತು ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ ಇಬ್ಬರನ್ನೂ ಸಾಕ್ಷಿಗಳಾಗಿ ಕರೆಸಿ ಪ್ರಶ್ನಿಸಿದರು. ಕುಡುಕರನ್ನೂ ಜೇಬುಗಳ್ಳರನ್ನೂ ವಿಚಾರಿಸಲೆಂದು ಕಟ್ಟಿದ ಸಣ್ಣ ಕೋರ್ಟಿನಲ್ಲಿ ಇಬ್ಬರು ಮಂತ್ರಿಗಳು ನಿಂತು ಆರೋಪಿಯ ಪ್ರಶ್ನೆಗಳಿಗೆ ಉತ್ತರಿಸಬೇಕಾಯಿತು. ಶಿಕ್ಷೆ ತಪ್ಪಲಿಲ್ಲ, ಮೂವರೂ ಸೆರೆಮನೆಗೆ ಹೋದರು.

ಭಾರತೀಯರ ಮೊಕದ್ದಮೆಗಳೂ ಇಲ್ಲಿ ನಡೆದಿವೆಯೇ?

ನಡೆದಿವೆ, ಅದಕ್ಕೆ ಕಾನೂನಿನ ಕಾರಣವೂ ಇದೆ. ವಿದೇಶಕ್ಕೆ ಆರೋಪಿಗಳನ್ನು ಒಪ್ಪಿಸುವ ಬಗೆಗಿನ 1870ರ ಶಾಸನ ಆ ಅಧಿಕಾರವನ್ನು ಬೋ ಸ್ಟ್ರೀಟ್‌ನ ಮ್ಯಾಜಿಸ್ಟ್ರೇಟರಿಗೆ ವಿಶೇಷವಾಗಿ ಕೊಟ್ಟಿತ್ತು. ಸಾಮ್ರಾಜ್ಯದ ಒಂದು ಭಾಗದಿಂದ ಇನ್ನೊಂದಕ್ಕೆ ತಪ್ಪಿಸಿಕೊಂಡು ಹೋದವರನ್ನು ಮರಳಿ ಕಳಿಸುವ ಶಾಸನ ಬಂದದ್ದು 1881ರಲ್ಲಿ, ಈ ಕಟ್ಟಡ ಮುಗಿದ ವರ್ಷವೇ. 1910ರ ಮಾರ್ಚ್‌ನಲ್ಲಿ ವಿಕ್ಟೋರಿಯಾ ರೈಲು ನಿಲ್ದಾಣದಲ್ಲಿ ಬಂಧಿತರಾದ ವಿನಾಯಕ ದಾಮೋದರ ಸಾವರ್ಕರ್ ಅವರನ್ನು ಈ ಎರಡನೆಯ ಶಾಸನದಡಿಯಲ್ಲಿ ಭಾರತಕ್ಕೆ ಕಳಿಸಬೇಕೆಂದು ಇಲ್ಲಿನ ಮ್ಯಾಜಿಸ್ಟ್ರೇಟರು ಮೇ ತಿಂಗಳಿನಲ್ಲಿ ಆಜ್ಞೆ ಮಾಡಿದರು. ಜುಲೈನಲ್ಲಿ ಮಾರ್ಸೇಲ್ಸ್ ಬಂದರಿನಲ್ಲಿ ಅವರು ಹಡಗಿನಿಂದ ನೀರಿಗೆ ಹಾರಿದ್ದು ಆ ಪ್ರಯಾಣದಲ್ಲಿಯೇ. 1940ರ ಮಾರ್ಚ್ 13ರಂದು ಲಂಡನ್ನಿನ ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ಪಂಜಾಬಿನ ಮಾಜಿ ಲೆಫ್ಟಿನೆಂಟ್ ಗವರ್ನರ್ ಮೈಕೆಲ್ ಓಡ್ವೈಯರ್ ಅವರನ್ನು ಗುಂಡಿಕ್ಕಿ ಕೊಂದ ಉಧಮ್ ಸಿಂಗ್ ಅವರನ್ನೂ ಮೊದಲು ಹಾಜರುಪಡಿಸಿದ್ದು ಇಲ್ಲಿ. ಓಲ್ಡ್ ಬೈಲಿಯ ತೀರ್ಪಿನ ನಂತರ ಜುಲೈ 31ರಂದು ಅವರನ್ನು ಗಲ್ಲಿಗೇರಿಸಲಾಯಿತು.

ನಮ್ಮ ಪತ್ರಿಕೆಗಳು ಇಂಥ ಪ್ರಕರಣಗಳಿಗೆಲ್ಲ ‘ಗಡೀಪಾರು’ ಎಂದು ಬರೆಯುತ್ತವೆ. ಗಡೀಪಾರು ಎಂದರೆ ಎಲ್ಲೆಯಿಂದ ಹೊರಗೆ ಹಾಕುವುದು. ಇನ್ನೊಂದು ದೇಶದ ನ್ಯಾಯಾಲಯಕ್ಕೆ ಆರೋಪಿಯನ್ನು ಒಪ್ಪಿಸುವುದಕ್ಕೆ ‘ಹಸ್ತಾಂತರ’ ಎನ್ನುವುದು ಸರಿ.

ಪಿನೊಚೆ ಪ್ರಕರಣಕ್ಕೂ ಇದಕ್ಕೂ ಏನು ಸಂಬಂಧ?

ಚಿಲಿಯ ಮಾಜಿ ಸರ್ವಾಧಿಕಾರಿ ಅಗಸ್ಟೊ ಪಿನೊಚೆ ಚಿಕಿತ್ಸೆಗೆಂದು ಲಂಡನ್ನಿಗೆ ಬಂದಿದ್ದಾಗ, ಸ್ಪೇನಿನ ಕೋರಿಕೆಯಂತೆ 1998ರ ಅಕ್ಟೋಬರ್ 16ರಂದು ವಾರಂಟ್ ಹೊರಡಿಸಿದವರು ಬೋ ಸ್ಟ್ರೀಟ್‌ನ ಮ್ಯಾಜಿಸ್ಟ್ರೇಟರು. ಮರುವರ್ಷ ಅಕ್ಟೋಬರ್ 8ರಂದು ಹಸ್ತಾಂತರಕ್ಕೆ ಅಡ್ಡಿಯಿಲ್ಲವೆಂದು ತೀರ್ಪಾಯಿತು. ಆದರೆ ಅನಾರೋಗ್ಯದ ಕಾರಣದಿಂದ ಗೃಹಮಂತ್ರಿ ಅವರನ್ನು 2000ದ ಮಾರ್ಚ್‌ನಲ್ಲಿ ಚಿಲಿಗೆ ಹಿಂತಿರುಗಲು ಬಿಟ್ಟರು.

ಪೊಲೀಸರೇ ಇಲ್ಲಿ ಮುಷ್ಕರ ಹೂಡಿದ್ದರಂತೆ?

ಎರಡು ಬಾರಿ. 1872ರ ಮುಷ್ಕರದ ಹೊತ್ತಿಗೆ ಈ ಕಟ್ಟಡ ಇರಲಿಲ್ಲ. ಅದು ಇದೇ ಬೀದಿಯ ಹಳೆಯ ಠಾಣೆಯ ಕಾಲ. 1890ರ ಜುಲೈನಲ್ಲಿ ಸಂಬಳ ಮತ್ತು ಪಿಂಚಣಿಯ ವಿಷಯಕ್ಕೆ ಇಲ್ಲಿನ ಪೇದೆಗಳು ಗಸ್ತಿಗೆ ಹೋಗಲು ನಿರಾಕರಿಸಿದಾಗ ಬೀದಿಯಲ್ಲಿ ಜನ ಸೇರಿ ಗದ್ದಲವಾಗಿ, ಕುದುರೆ ಸೈನಿಕರನ್ನು ಕರೆಸಬೇಕಾಯಿತು. ಅನೇಕ ಪೇದೆಗಳು ಕೆಲಸ ಕಳೆದುಕೊಂಡರು.

ನ್ಯಾಯಾಲಯ ಯಾವಾಗ ಮುಚ್ಚಿತು? ಅದರ ಕೆಲಸ ಈಗ ಎಲ್ಲಿ ನಡೆಯುತ್ತದೆ?

ಠಾಣೆ 1992ರಲ್ಲಿ ಮುಚ್ಚಿತು. ನ್ಯಾಯಾಲಯದ ಕೊನೆಯ ದಿನ 2006ರ ಜುಲೈ 14. ಎರಡನೆಯ ದರ್ಜೆಯ ಸಂರಕ್ಷಿತ ಕಟ್ಟಡವಾದ್ದರಿಂದ ಮನಬಂದಂತೆ ಒಡೆದು ಬದಲಾಯಿಸುವಂತಿರಲಿಲ್ಲ. ಹಳೆಯ ಕಟ್ಟಡವನ್ನು ಇಂದಿನ ನ್ಯಾಯಾಲಯದ ಅಗತ್ಯಗಳಿಗೆ ಹೊಂದಿಸುವುದು ದುಬಾರಿಯೂ ಆಗಿತ್ತು. ಹಸ್ತಾಂತರದ ಮೊಕದ್ದಮೆಗಳು ಹಾರ್ಸ್‌ಫೆರಿ ರಸ್ತೆಯ ನ್ಯಾಯಾಲಯಕ್ಕೆ ಹೋಗಿ, 2011ರಲ್ಲಿ ಅಲ್ಲಿಂದ ಮ್ಯಾರಿಲೆಬೋನ್ ರಸ್ತೆಯ ವೆಸ್ಟ್‌ಮಿನ್‌ಸ್ಟರ್ ಮ್ಯಾಜಿಸ್ಟ್ರೇಟ್ಸ್ ಕೋರ್ಟಿಗೆ ಬಂದವು. ಉದ್ಯಮಿ ವಿಜಯ್ ಮಲ್ಯ ಅವರ ಹಸ್ತಾಂತರದ ಬಗ್ಗೆ 2018ರ ಡಿಸೆಂಬರ್ 10ರಂದು ತೀರ್ಪು ಬಂದದ್ದು ಆ ನ್ಯಾಯಾಲಯದಿಂದ. ಬೋ ಸ್ಟ್ರೀಟ್ ತೆರೆದೇ ಇದ್ದಿದ್ದರೆ ಬೆಂಗಳೂರಿನ ಟೀವಿ ವರದಿಗಾರರೂ ಈ ಕಲ್ಲಿನ ಮುಂದೆಯೇ ಮೈಕು ಹಿಡಿದು ನಿಲ್ಲುತ್ತಿದ್ದರು.

ಈಗ ಒಳಗೆ ಹೋಗಿ ನೋಡಬಹುದೇ?

ಎರಡು ದಾರಿಗಳಿವೆ. ಕಟ್ಟಡದ ಹೆಚ್ಚಿನ ಭಾಗ ಹಲವು ಕೈ ಬದಲಾಗಿ 2021ರ ಮೇ ತಿಂಗಳಿನಲ್ಲಿ ನೋಮ್ಯಾಡ್ ಎಂಬ ಐಷಾರಾಮಿ ಹೋಟೆಲ್ ಆಯಿತು. 91 ಕೋಣೆಗಳಿವೆ, ಹಳೆಯ ನ್ಯಾಯಾಲಯದ ಹಜಾರ ಈಗ ಔತಣಕೂಟಗಳಿಗೆ ಬಾಡಿಗೆಗೆ ಸಿಗುತ್ತದೆ. ಕಟ್ಟಡ ಉಳಿಯಬೇಕಾದರೆ ಅದಕ್ಕೊಂದು ಆದಾಯ ಬೇಕು ಎಂಬ ಮಾತನ್ನು ಒಪ್ಪುತ್ತೇನೆ. ಆದರೂ ಜನ ಶಿಕ್ಷೆಗಾಗಿ ಕಾದು ನಿಂತ ಜಾಗದಲ್ಲಿ ಮದುವೆಯ ಆರತಕ್ಷತೆ ನಡೆಯುವುದನ್ನು ನೆನೆದರೆ ಸ್ವಲ್ಪ ಇರುಸುಮುರುಸಾಗುತ್ತದೆ.

ನಿಜವಾಗಿ ಹಳೆಯದನ್ನು ನೋಡಬೇಕೆನ್ನುವವರು ಮಾರ್ಟ್‌ಲೆಟ್ ಕೋರ್ಟ್ ಓಣಿಗೆ ತಿರುಗಬೇಕು. ಅದೇ 2021ರ ಮೇ ತಿಂಗಳಿನಲ್ಲಿ ತೆರೆದ ಬೋ ಸ್ಟ್ರೀಟ್ ಪೊಲೀಸ್ ಮ್ಯೂಸಿಯಂ ಅಲ್ಲಿನ ಹಳೆಯ ಲಾಕಪ್ಪು ಮತ್ತು ಠಾಣೆಯ ಕೋಣೆಗಳಲ್ಲಿಯೇ ಇದೆ. ನ್ಯಾಯಾಲಯದಲ್ಲಿದ್ದ ಕಟಕಟೆಯೊಂದನ್ನು ಅಲ್ಲಿ ಇರಿಸಿದ್ದಾರೆ, ಮೇಲೆ ಹೇಳಿದ ‘ಟ್ಯಾಂಕ್’ ಕೂಡ ಅಲ್ಲೇ ಸಿಗುತ್ತದೆ. ಜಾಗ ಚಿಕ್ಕದು, ಒಂದು ಗಂಟೆ ಧಾರಾಳ ಸಾಕು.

ಮೊನೊಪಲಿ ಆಟದ ಬೋ ಸ್ಟ್ರೀಟ್ ಇದೇ ಬೀದಿಯೇ?

ಇದೇ. ಲಂಡನ್ ಹಲಗೆಯ ಕಿತ್ತಳೆ ಬಣ್ಣದ ಗುಂಪಿನಲ್ಲಿ ಬೋ ಸ್ಟ್ರೀಟ್ ಮತ್ತು ಮಾರ್ಲ್‌ಬರೋ ಸ್ಟ್ರೀಟ್‌ಗಳಿಗೆ ತಲಾ 180 ಪೌಂಡ್, ವೈನ್ ಸ್ಟ್ರೀಟ್‌ಗೆ 200. ಮೂರಕ್ಕೂ ಸಾಮಾನ್ಯವಾದದ್ದು ಪೊಲೀಸು ಮತ್ತು ಕೋರ್ಟು: ಮಾರ್ಲ್‌ಬರೋ ಸ್ಟ್ರೀಟ್‌ನಲ್ಲಿ ಇನ್ನೊಂದು ಮ್ಯಾಜಿಸ್ಟ್ರೇಟ್ ನ್ಯಾಯಾಲಯವಿತ್ತು, ವೈನ್ ಸ್ಟ್ರೀಟ್‌ನಲ್ಲಿ ಪೊಲೀಸ್ ಠಾಣೆ. ಆಟದಲ್ಲಿ ಜೈಲಿನ ಮೂಲೆ ದಾಟಿದ ಮೇಲೆ ಸಿಗುವುದೂ ಇದೇ ಸಾಲು.